ಹೂವಿನ ಎತ್ತರ

ನಾನು ತೆಗೆದ ಹೂವಿನ ಫೋಟೊ ನೋಡಿದರೆ ಪಕ್ಕದ ಮನೆಯ ಆಂಟಿಗೆ ಮೈಯೆಲ್ಲ ಉರಿಯುತ್ತಿತ್ತು. "ನಿಂತ್ಕೊಂಡೇ ತೆಗ್ದಿದ್ದೀಯಲ್ಲಾ! ಹೂವಿನ ನೆತ್ತಿ ಯಾರಿಗೆ ಬೇಕು? ಬಗ್ಗು ಮಾರಾಯ್ತಿ, ಅದ್ರ ಎತ್ತರಕ್ಕೆ ಬಗ್ಗು!" ಎಂದು ನನ್ನ ಹೆಗಲು ಹಿಡಿದು ಅದುಮುತ್ತಿದ್ದರು.

ಒಂದು ಭಾನುವಾರ, ಆನೆ ನೋಡಲು ದುಬಾರೆಗೆ ಹೊರಟಿದ್ದವನೊಬ್ಬ ಕಾರು ನಿಲ್ಲಿಸಿ, ತನ್ನಪ್ಪನ ಮನೆ ಎನ್ನುವಂತೆ ಆಂಟಿಯ ಅಂಗಳಕ್ಕೆ ನುಗ್ಗಿದ. ಸೆಲ್ಫಿಗೆಂದು ಡೇಲಿಯಾ ಹೂವನ್ನು ಕೆನ್ನೆಯ ಹತ್ತಿರಕ್ಕೆ ಎಳೆದ. ದಂಟು ಲಟಕ್ಕನೆ ಮುರಿಯಿತು. "ಸಾರಿ ಆಂಟಿ, ಒಂದು ಹೂವು ತಾನೇ?" ಎಂದು ಅದನ್ನು ನೆಲಕ್ಕೆಸೆದ.

ಆಂಟಿ ಗೇಟು ಮುಚ್ಚಿ ಅಡ್ಡ ನಿಂತರು. "ಅದ್ರದ್ದೂ ಒಂದು ಫೋಟೊ ತೆಗಿ."

ಅವನು ನಿಂತಲ್ಲಿಂದಲೇ ಮೊಬೈಲ್ ಹಿಡಿದ.

"ಬಗ್ಗು."

ಬಗ್ಗಿದ.

"ಇನ್ನೂ ಬಗ್ಗು. ಈಗ ಅದ್ರ ಎತ್ತರ ಅಷ್ಟೇ."

ಅವನ ಗಲ್ಲ ಮಣ್ಣಿಗೆ ತಾಗಿದ ಮೇಲೆಯೇ ಗೇಟು ತೆರೆದದ್ದು.