ಕುರಿ ಎಂದು ಬರೆದು ಹುಡುಕಿದ ಹಾಡು

ದೆವ್ವ ಕಂಡಿತು, ಸತ್ತವರು ಕರೆದರು ಎಂದು ಯಾರಾದರೂ ಹೇಳಿದರೆ ನಾನು ಅವರ ಎದುರು ನಗುತ್ತಿರಲಿಲ್ಲ, ಮನೆಗೆ ಬಂದು ನಗುತ್ತಿದ್ದೆ. ಮೂವತ್ತು ದಾಟಿದ ಮೇಲೆ ಹತ್ತನೇ ತರಗತಿಯ ಪರೀಕ್ಷೆ ಕಟ್ಟಿ ಪಾಸಾದವನು ನಾನು. ಅಷ್ಟು ಕಷ್ಟಪಟ್ಟು ಓದಿದ್ದು ಇಂಥದ್ದನ್ನು ನಂಬುವುದಕ್ಕಲ್ಲ ಎಂಬ ಸಣ್ಣ ಸೊಕ್ಕು ಇತ್ತು. ಈಗ ಆ ಸೊಕ್ಕು ಹೋಗಿದೆ. ಹಾಗಂತ ನಂಬಿಕೆಯೂ ಬಂದಿಲ್ಲ.

ನಮ್ಮದು ಗೋಗಿಯ ಕಡೆ ಕುರಿ ಸಾಕುವ ಮನೆ. ನಾನು ಶಹಾಪುರದ ಒಂದು ಹತ್ತಿ ಗಿರಣಿಯಲ್ಲಿ ದುಡಿಯುತ್ತೇನೆ. ಕುರಿ ಕಾಯುತ್ತಿದ್ದವನು ನನ್ನ ಅಣ್ಣ ಮಾಳಪ್ಪ. ಒಂದು ಬೇಸಿಗೆಯಲ್ಲಿ ಹಿಂಡು ಹೊಡೆದುಕೊಂಡು ಕೃಷ್ಣಾ ಹೊಳೆಯ ಕಡೆ ಹೋದ. ಹಿಂಡು ತಾನೇ ತಿರುಗಿ ಬಂತು, ನಾಯಿ ಬಂತು, ಅವನು ಬರಲಿಲ್ಲ. ಹೊಳೆ ದಂಡೆಯೆಲ್ಲ ನೋಡಿದೆವು, ಠಾಣೆಗೆ ಹೋದೆವು, ದೇವರು ಕೇಳಿದೆವು. ಹೆಣವೂ ಸಿಗಲಿಲ್ಲ.

ವರ್ಷಗಳು ಹೋದವು. ಅತ್ತಿಗೆ ದೇವಮ್ಮನ ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು. ಗಂಡ ಸತ್ತವಳೂ ಅಲ್ಲ, ಇದ್ದವಳೂ ಅಲ್ಲ. ಕೊನೆಗೆ ಸೈದಾಪುರದ ಕಡೆಯವನೊಬ್ಬ ಅವಳನ್ನು ಉಡಿಕೆ ಮಾಡಿಕೊಳ್ಳುತ್ತೇನೆ ಎಂದು ಮುಂದೆ ಬಂದ. ಹೆಂಡತಿ ತೀರಿಕೊಂಡವನು, ಕಡೇಚೂರಿನ ಕಾರ್ಖಾನೆಯಲ್ಲಿ ಕೆಲಸ, ಒಳ್ಳೆಯ ಮನುಷ್ಯ. ಉಡಿಕೆ ಎಂದರೆ ನಮ್ಮಲ್ಲಿ ವಿಧವೆ ಮತ್ತೆ ಸಂಸಾರ ಕಟ್ಟಿಕೊಳ್ಳುವುದು. ಆದರೆ ಅತ್ತಿಗೆ ಮೊದಲು ವಿಧವೆ ಆಗಬೇಕಿತ್ತಲ್ಲ? ಜೋಳದ ಹಿಟ್ಟಿನ ಗೊಂಬೆ ಮಾಡಿ, ಅಣ್ಣನ ಹೆಸರು ಹೇಳಿ ಅದನ್ನು ಮಣ್ಣು ಮಾಡಿ, ಅವಳ ಬಳೆ ಒಡೆಯಬೇಕು ಎಂದು ನಮ್ಮ ಕಾಕಾ ತೀರ್ಮಾನ ಮಾಡಿದ. ಅಮಾವಾಸ್ಯೆಗೆ ನಿಗದಿಯಾಯಿತು. ಅತ್ತಿಗೆ ಒಪ್ಪಿದಳು. ಆ ವಾರ ಅವಳು ಒಲೆಯ ಮುಂದೆ ಏನೋ ಗುನುಗುತ್ತಿದ್ದಳು. ಅಣ್ಣ ಹೋದಮೇಲೆ ಆ ಮನೆಯಲ್ಲಿ ಯಾರೂ ಗುನುಗಿರಲಿಲ್ಲ.

ಇನ್ನು ನನ್ನ ಹುಚ್ಚಿನ ಮಾತು ಹೇಳಬೇಕು. ಹಿಂದೊಮ್ಮೆ ಮೊಬೈಲಿನಲ್ಲಿ ಕುರಿಗಾರರ ಡೊಳ್ಳಿನ ಹಾಡು ಹುಡುಕಲು ಇಂಗ್ಲಿಷ್ ಅಕ್ಷರದಲ್ಲಿ ‘ಕುರಿ’ ಎಂದು ಒತ್ತಿದೆ. ಬಂದದ್ದು ಎಸ್ಟೋನಿಯಾ ಎಂಬ ದೇಶದ ಒಬ್ಬನ ಸಂಗೀತ. ಅವರ ಭಾಷೆಯಲ್ಲಿ ಕುರಿ ಎಂದರೆ ಕೆಟ್ಟದ್ದು, ಸಿಟ್ಟಿನದು ಎಂದು ಆಮೇಲೆ ತಿಳಿಯಿತು. ರಾಗವಿಲ್ಲ, ತಾಳವಿಲ್ಲ. ಕರೆಂಟ್ ತಂತಿಗೆ ಗಾಳಿ ಬಡಿದ ಹಾಗೆ ಒಂದು ಗುಂಯ್ ಸದ್ದು, ನಡುನಡುವೆ ಕಬ್ಬಿಣ ಉಜ್ಜಿದ ಸಪ್ಪಳ. ಬಂದ್ ಮಾಡಬೇಕೆಂದವನು ಕೊನೆಯವರೆಗೂ ಕೇಳಿದೆ. ಅಲ್ಲಿಂದ ಪೋಲೆಂಡಿನ ಒಬ್ಬಳು, ಪೋರ್ಚುಗಲ್ಲಿನ ಇಬ್ಬರು, ಹೀಗೆ ಒಂದರಿಂದ ಒಂದು ಸಿಗುತ್ತ ಹೋಯಿತು. ಯಾರೂ ದೊಡ್ಡ ಹೆಸರಿನವರಲ್ಲ. ಮನೆಯ ಕೋಣೆಯಲ್ಲೋ ಕಾಡಿನಲ್ಲೋ ಕುಳಿತು ತಮ್ಮಷ್ಟಕ್ಕೆ ಮಾಡಿ ಬಿಟ್ಟವರು.

ಗಿರಣಿಯ ಗೆಳೆಯ ಬಸಣ್ಣ ಒಂದು ಸಲ ಕಿವಿಗೊಟ್ಟು ಕೇಳಿ, "ಏ, ನಮ್ಮ ಮಷೀನಿನ ಬೆಲ್ಟ್ ಹರಿದ್ರ ಇದಕ್ಕಿಂತ ಛಲೋ ಸಪ್ಪಳ ಬರ್ತದಲ್ಲೋ. ಅದನ್ನ ಮೊಬೈಲ್‌ದಾಗ ತುಂಬಿ ಕಳಸು ಅವರಿಗಿ, ಶಾಲು ಹೊದಿಸಿ ಸನ್ಮಾನ ಮಾಡ್ತಾರ" ಎಂದ. ನಾನೂ ನಕ್ಕೆ. ಆದರೆ ಅಣ್ಣ ಹೋದಮೇಲೆ ಮಾತು ಇರುವ ಯಾವ ಹಾಡೂ ನನಗೆ ಸೇರುತ್ತಿರಲಿಲ್ಲ. ಇದರಲ್ಲಿ ಯಾರೂ ಏನನ್ನೂ ಹೇಳುತ್ತಿರಲಿಲ್ಲ. ಅದೇ ಹಿತವಾಗಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಕುರಿದೊಡ್ಡಿಯ ನೆರಳಿನಲ್ಲಿ ಕುಳಿತು ಆ ಎಸ್ಟೋನಿಯಾದವನ ಇನ್ನೊಂದು ಸಂಗೀತ ಹಚ್ಚಿದೆ. ಉದ್ದದ್ದು. ಅರ್ಧಕ್ಕೆ ಬಂದಾಗ ಗುಂಯ್ ಸದ್ದಿನ ಒಳಗಿಂದ ಅಣ್ಣನ ಕೂಗು ಕೇಳಿತು.

ನಮ್ಮಲ್ಲಿ ಪ್ರತಿ ಕುರಿಗಾರನಿಗೂ ಅವನದೇ ಕೂಗು ಇರುತ್ತದೆ. ಬೇರೆಯವರು ಎಷ್ಟು ಕೂಗಿದರೂ ಹಿಂಡು ತಲೆ ಎತ್ತುವುದಿಲ್ಲ. ಅಣ್ಣ ನಾಲಿಗೆಯಿಂದ ಎರಡು ಸಲ ಟಕ್ ಟಕ್ ಎನಿಸಿ, ಆಮೇಲೆ ಉದ್ದಕ್ಕೆ "ಹೋ...ಯ್" ಎನ್ನುತ್ತಿದ್ದ. ಮುಂದಿನ ಹಲ್ಲು ಮುರಿದಿದ್ದರಿಂದ ಕೊನೆಗೆ ಸಣ್ಣದೊಂದು ಸಿಳ್ಳು ಬೀಳುತ್ತಿತ್ತು. ಆ ಸಿಳ್ಳೂ ಅದರಲ್ಲಿತ್ತು.

ನನ್ನ ಕಿವಿಯನ್ನು ನಾನು ನಂಬಲಿಲ್ಲ. ಆದರೆ ದೊಡ್ಡಿಯಲ್ಲಿ ಮಲಗಿದ್ದ ಮುದಿ ಕುರಿಯೊಂದು ಮೆಲುಕು ಹಾಕುವುದನ್ನು ನಿಲ್ಲಿಸಿ ಎದ್ದಿತು. ಅಣ್ಣನ ಹಿಂಡಿನಲ್ಲಿ ಉಳಿದಿದ್ದದ್ದು ಅದೊಂದೇ, ಮಿಕ್ಕವೆಲ್ಲ ಅವನು ಹೋದಮೇಲೆ ಹುಟ್ಟಿದವು. ಅವು ಕದಲಲಿಲ್ಲ. ಇದು ಮಾತ್ರ ಕುಂಟುತ್ತ ಬಂದು ಮೊಬೈಲಿನ ಹತ್ತಿರ ಮೂಗು ಚಾಚಿ ನಿಂತಿತು.

ಸುಮ್ಮನಿರಬಹುದಿತ್ತು. ಆದರೆ ಅಣ್ಣ ಬದುಕಿದ್ದರೆ ಎಂಬ ಒಂದು ಮಾತು ತಲೆಯಲ್ಲಿ ಕುಳಿತುಬಿಟ್ಟಿತು. ಒಳಗೆ ಹೋಗಿ ಅತ್ತಿಗೆಗೆ ಕೇಳಿಸಿದೆ. ಅವಳು ಹಿಟ್ಟಿನ ಕೈಯಲ್ಲೇ ಮೊಬೈಲ್ ಹಿಡಿದು ಕಿವಿಗೆ ಒತ್ತಿಕೊಂಡಳು.

"ಇನ್ನೊಮ್ಮಿ ಹಚ್ಚು ತಮ್ಮಾ" ಎಂದಳು. ಹಚ್ಚಿದೆ. ಆಮೇಲೆ ಕೈ ತೊಳೆದುಕೊಂಡು ಕಟ್ಟೆಯ ಮೇಲಿದ್ದ ಕಾಕಾನ ಹತ್ತಿರ ಹೋದಳು.

"ಕಾಕಾ, ನಾಳಿಂದು ಬ್ಯಾಡ್ರಿ."

ಕಾಕಾ ಸಂಗತಿ ಕೇಳಿ ನನ್ನ ಮೇಲೆ ಹಾರಿಬಿದ್ದ. "ಏನಲೇ, ಮೊಬೈಲ್‌ದಾಗ ಸತ್ತಾಂವ ಕೂಗ್ತಾನೇನು? ಹತ್ತನೇತ್ತ ಪಾಸಾದಿ, ತಲಿ ಫೇಲಾತು ನೋಡು ನಿಂದು!" ಆಮೇಲೆ ಅವಳ ಕಡೆ ತಿರುಗಿ ಮೆತ್ತಗೆ ಹೇಳಿದ, "ಆ ಮನಿಷ್ಯಾ ಎಷ್ಟ್ ದಿನ ಕಾಯ್ತಾನವ್ವಾ?"

"ಕಾಯೂದು ಬ್ಯಾಡ ಅನ್ರಿ. ಬದುಕಿದ್ದಾಂವನ್ನ ನಾ ಹ್ಯಾಂಗ ಮಣ್ಣ ಮಾಡ್ಲಿ?"

ಗೊಂಬೆ ಮಾಡಲಿಲ್ಲ. ಬಳೆ ಉಳಿದವು. ಸೈದಾಪುರದವನು ಕೆಲವು ತಿಂಗಳು ನೋಡಿ ಬೇರೆ ಕಡೆ ಉಡಿಕೆ ಮಾಡಿಕೊಂಡ. ಅವನನ್ನು ದೂರುವಂತಿಲ್ಲ.

ಆ ಸಂಗೀತ ಮಾಡಿದವನಿಗೆ ಮೊಬೈಲಿನಲ್ಲೇ ಭಾಷೆ ಬದಲಿಸಿ ಬರೆದೆ. ಇದರಲ್ಲಿ ಕೂಗುವವನು ಯಾರು, ಎಲ್ಲಿ ಸಿಕ್ಕ ಎಂದು ಕೇಳಿದೆ. ಬಹಳ ದಿನದ ಮೇಲೆ ಉತ್ತರ ಬಂತು. ಮರ್ಯಾದೆಯಿಂದ ಬರೆದಿದ್ದ. ಚಳಿಗಾಲದಲ್ಲಿ ತಮ್ಮೂರ ಕೆರೆ ಹೆಪ್ಪುಗಟ್ಟಿ ಬಿರುಕು ಬಿಡುವ ಸದ್ದು ಅದು, ತಾನೊಬ್ಬನೇ ರೆಕಾರ್ಡ್ ಮಾಡಿಕೊಂಡದ್ದು, ಅದರಲ್ಲಿ ಮನುಷ್ಯರ ದನಿಯೇ ಇಲ್ಲ ಎಂದಿದ್ದ.

ಅತ್ತಿಗೆಗೆ ಹೇಳಿದೆ. "ವೈನಿ, ಅದು ಕೆರಿ ಮ್ಯಾಲಿನ ಬರ್ಫ್ ಒಡಿಯೂ ಸಪ್ಪಳ ಅಂತ."

"ಕೆರಿ ನೀರು ಗಟ್ಟಿ ಆಗೂವಷ್ಟು ಥಂಡಿ ಅದ ಏನಲ್ಲಿ? ಅಂವನ ಕಂಬಳಿ ಇಲ್ಲೇ ಅದಲ್ಲೋ."

ಮುದಿ ಕುರಿ ಆ ಮಳೆಗಾಲದಲ್ಲೇ ಸತ್ತಿತು. ನನಗಿದ್ದ ಸಾಕ್ಷಿ ಅದೊಂದೇ. ಕೂಗು ಅದರಲ್ಲಿ ಇರಲೇ ಇಲ್ಲ ಎಂದರೆ ಆ ಕುರಿ ಯಾಕೆ ಎದ್ದು ಬಂತು? ಇತ್ತು ಎಂದರೆ ಹೇಗೆ ಬಂತು? ಓದಿದವರನ್ನು ಕೇಳಿದೆ, ದೇವರು ಹೇಳುವವರನ್ನೂ ಕೇಳಿದೆ. ಒಬ್ಬರ ಮಾತೂ ನನಗೆ ಹಿಡಿಸಲಿಲ್ಲ.

ಇನ್ನೊಂದು ಮಾತನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಆ ಸಂಗೀತದಲ್ಲಿ ಈಗ ನನಗೆ ಕೂಗು ಕೇಳುವುದಿಲ್ಲ. ಮೊಬೈಲ್ ಅದೇ, ಹಾಡು ಅದೇ. ಬರೀ ಹೆಪ್ಪುಗಟ್ಟಿದ ನೀರು ಒಡೆಯುತ್ತದೆ. ಯಾವಾಗಿನಿಂದ ಹೀಗಾಯಿತು ಎಂದೂ ಹೇಳಲಾರೆ.

ಅತ್ತಿಗೆ ರೊಟ್ಟಿ ಬಡಿದು ಮುಗಿಸಿ ಬಂದು ಪಕ್ಕದಲ್ಲಿ ಕೂರುತ್ತಾಳೆ. ನಾನು ಹಚ್ಚುತ್ತೇನೆ. ಆ ಜಾಗ ಬಂದಾಗ ಅವಳು ಕಣ್ಣು ಮುಚ್ಚುತ್ತಾಳೆ.

"ಈಗ ಬಂತು ನೋಡು. ಕೇಳ್ಸಿತೇನು ತಮ್ಮಾ?"

"ಕೇಳ್ಸಿತು, ವೈನಿ" ಎನ್ನುತ್ತೇನೆ.