ಅಪ್ಪನ ಎಲೆಯ ಪಕ್ಕದ ಗ್ಲಾಸು

ತಣ್ಣಗಾದ ಕಪ್ಪು ಚಹಾಕ್ಕೆ ಒಂದು ವಾಸನೆ ಇದೆ, ಗಮನಿಸಿದ್ದೀರಾ? ಒದ್ದೆ ಗೋಣಿಚೀಲದ ಹಾಗೆ. ನಿನ್ನೆ ಸಂಜೆಯಿಂದ ಅದು ನನ್ನ ಮೂಗಿನಲ್ಲೇ ಕೂತಿದೆ.

ನಿನ್ನೆ ನಮ್ಮಲ್ಲಿ ಅಗೆಲು. ತೀರಿಕೊಂಡ ಹಿರಿಯರಿಗೆ ಅವರ ಇಷ್ಟದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಕೋಣೆಯ ಬಾಗಿಲು ಎಳೆದು, ಅವರು ಉಣ್ಣುವಷ್ಟು ಹೊತ್ತು ಹೊರಗೆ ಕಾಯುವುದು. ಅಪ್ಪನ ಎಲೆಗೆ ಕೋರಿ ರೊಟ್ಟಿ, ಬಂಗುಡೆ ಮೀನು. ಪಕ್ಕದಲ್ಲಿ ಒಂದು ಗ್ಲಾಸು ಬ್ರಾಂಡಿ. ನಾನು ಕುಡಿತ ಬಿಟ್ಟ ಮೇಲೂ ಆ ಗ್ಲಾಸು ಇಡುವ ಹಕ್ಕು ನನ್ನದೇ. ನಿನ್ನೆ ನೋಡಿದರೆ ತಮ್ಮ ಸುಧೀರ ಆಗಲೇ ಇಟ್ಟಿದ್ದ. ಅದರಲ್ಲಿ ಹಾಲಿಲ್ಲದ ಚಹಾ.

ಇದಕ್ಕೆ ಸಿಟ್ಟೇಕೆ ಅನ್ನುತ್ತೀರಿ. ಅಪ್ಪನ ಕೊನೆಯ ವರ್ಷಗಳಲ್ಲಿ ನಾನು ಖಿನ್ನತೆಯಲ್ಲಿದ್ದೆ, ಕುಡಿತದಲ್ಲಿದ್ದೆ. ಯಾವುದರೊಳಗೆ ಯಾವುದಿತ್ತೋ ಗೊತ್ತಿಲ್ಲ. ಎಷ್ಟೋ ಸಂಜೆಗಳು ನೆನಪಿಗೆ ಇಳಿದೇ ಇಲ್ಲ, ಹುಡುಕಿ ಸುಸ್ತಾಗಬೇಡಿ ಎಂದರು ಡಾಕ್ಟರು. ಉಳಿದ ಹಗಲುಗಳೆಲ್ಲ ಒಂದೇ ಬಣ್ಣದವು. ಸುಧೀರನಿಗೋ ಎಲ್ಲ ನೆನಪು: ಅಪ್ಪ ಬಂದರಿನಿಂದ ಯಾವ ಮೀನು ತಂದರು, ಆಸ್ಪತ್ರೆಗೆ ಯಾವ ಅಂಗಿ ಹಾಕಿಕೊಂಡು ಹೋದರು. ನೆಂಟರ ಮುಂದೆ ಅವನು ಶುರು ಮಾಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ನನ್ನ ಅಪ್ಪನ ವಿಷಯ ನಾನು ಅವನಿಂದ ಕೇಳಿ ತಿಳಿಯಬೇಕು.

ನನ್ನದೆಂದು ಉಳಿದದ್ದು ಒಂದೇ ಚಿತ್ರ. ಜಗಲಿಯಲ್ಲಿ ಅಪ್ಪ, ನಾನು, ಇಬ್ಬರ ಕೈಯಲ್ಲೂ ಗ್ಲಾಸು. ದೂರದಲ್ಲಿ ಹೊಳೆಯಾಚೆಯ ಬೆಂಗ್ರೆಗೆ ಹೋಗುವ ದೋಣಿಯ ಸದ್ದು. (ನಮ್ಮ ಜಗಲಿಗೆ ಹೊಳೆಯ ಸದ್ದು ಕೇಳುವುದೇ ಇಲ್ಲ. ದೋಣಿ ಹೇಗೆ ಸೇರಿಕೊಂಡಿತೋ. ತೆಗೆಯುವ ಧೈರ್ಯವಿಲ್ಲ, ಜೊತೆಗೆ ಅಪ್ಪನೂ ಹೋದರೆ?) ಅಪ್ಪ ನನ್ನ ಜೊತೆ ಕೂತು ಕುಡಿದಿದ್ದರು. ಇದೊಂದನ್ನು ಸುಧೀರ ಹೇಳಲಾರ.

ಬಾಗಿಲು ಎಳೆದು ಹೊರಗೆ ನಿಂತಾಗ ಕೇಳಿದೆ: "ಇದೆಂತದು ಮಾರಾಯ, ಅಪ್ಪನಿಗೆ ಚಾ?"

"ಅವರು ಕುಡಿಯೋದು ಬಿಟ್ಟಿದ್ದರಲ್ಲ ಅಣ್ಣ. ನೀನು ಒಬ್ಬನೇ ಕೂತು ಕುಡೀಬಾರ್ದು ಅಂತ ಗ್ಲಾಸಿನಲ್ಲಿ ಚಾ ಹಿಡ್ಕೊಂಡು ಕೂರ್ತಿದ್ದರು. ಮಾಡಿ ಕೊಡ್ತಿದ್ದದ್ದು ನಾನೇ."

ನನ್ನ ಆ ಒಂದು ಚಿತ್ರವನ್ನೂ ತೆಗೆದುಕೊಂಡ. ಎಲ್ಲ ನಿನ್ನ ಹತ್ತಿರವೇ ಇರಲಿ ಎಂದೆ.

"ನನ್ನ ಹತ್ರ ಎಂತ ಉಂಟು?" ಅವನ ಸ್ವರ ಬೇರೆಯೇ ಆಗಿತ್ತು. "ಚಾ ಕೊಟ್ಟು ನಾನು ಒಳಗೆ ಹೋಗ್ಬೇಕು. ನನ್ನ ಜೊತೆ ಅಪ್ಪ ಒಂದು ಸಂಜೆ ಹಾಗೆ ಕೂತದ್ದಿಲ್ಲ. ನಿನ್ನ ಹತ್ರ ಎಂತ ಮಾತಾಡ್ತಿದ್ದರು? ಇಷ್ಟು ವರ್ಷ ಆಯ್ತು, ನೀನು ಹೇಳ್ಲೇ ಇಲ್ಲ."

ಏನಾದರೂ ಕಟ್ಟಿ ಹೇಳಬಹುದಿತ್ತು. ದೋಣಿಯನ್ನೇ ತಂದವನಿಗೆ ಎರಡು ಮಾತು ಕಷ್ಟವೇ? ನೆನಪಿಲ್ಲ ಎಂದೆ. ಅವನು ನಂಬಲಿಲ್ಲ, ನಾನು ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡ. ಆಗ ಅವನ ಮುಖದಲ್ಲಿ ಕಂಡ ಉರಿ ನನಗೆ ಚೆನ್ನಾಗಿ ಪರಿಚಯವಿದ್ದದ್ದೇ.

ಬಾಗಿಲು ತೆರೆದ ಮೇಲೆ ಗ್ಲಾಸಿನದ್ದನ್ನು ನಾನೇ ಕುಡಿದೆ. ಸಕ್ಕರೆ ಇರಲಿಲ್ಲ. ಇಂದು ಬೆಳಿಗ್ಗೆಯೂ ಹಾಗೆಯೇ ಮಾಡಿಕೊಂಡು, ಆರಲು ಬಿಟ್ಟು, ಜಗಲಿಯಲ್ಲಿ ಕೂತಿದ್ದೇನೆ. ಎದುರಿನ ಕುರ್ಚಿಯಲ್ಲಿ ಸುಧೀರ. ಪೇಪರು ಓದುವ ಹಾಗೆ ಮಾಡುತ್ತ, ಅಪ್ಪನ ಮಾತು ಈಗಲಾದರೂ ಬಂದೀತೆಂದು ನನ್ನ ಬಾಯಿಯನ್ನೇ ನೋಡುತ್ತಿದ್ದಾನೆ.