ಕಾರು ಕೆಡಿಸಿದ್ದು ನಾನಲ್ಲ

ಅಪ್ಪೂ, ಚಿನ್ನೂ, ಹೋದ ವಾರ ಊಟದ ಪಂಕ್ತಿಯಲ್ಲಿ ನಿಮ್ಮಜ್ಜನ ತಮ್ಮ, ನಿಮ್ಮ ಚಿಕ್ಕಜ್ಜ, ಎಲ್ಲರನ್ನೂ ನಗಿಸಿದರಲ್ಲ, "ಅತ್ತಿಗೆ ಕಾರು ಕಲಿತು ಎಂಜಿನ್ನನ್ನೇ ಮಲಗಿಸಿಬಿಟ್ಟಿದ್ದರು" ಅಂತ? ನೀವೂ ನಕ್ಕಿರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಾನು ಎಂದಿನಂತೆ ಪಾಯಸದ ಪಾತ್ರೆ ಹಿಡಿದು ಒಳಗೆ ಹೋದೆ. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಮಲಯಾಳ ಸೀಮೆಯ ಜಿಲ್ಲೆ ಹೊಸದಾಗಿದ್ದಾಗ ಕಬಿನಿಯ ಆಚೆ ದಡದಿಂದ ಮದುವೆಯಾಗಿ ಬಂದವಳು ನಾನು. ಡ್ರೈವಿಂಗ್ ಕಲಿಸಿದ್ದು ನಿಮ್ಮಜ್ಜ, ಕಾಫಿ ಒಣಗಿಸುವ ಕಣದಲ್ಲಿ. ಅವರು ತೀರಿಹೋದ ಮೇಲೆ ನಿಮ್ಮಮ್ಮನನ್ನು ಬೆಳಿಗ್ಗೆ ಕಾಟ್ಟಿಕುಳಂನಲ್ಲಿ ಕಾಲೇಜಿನ ಬಸ್ಸಿಗೆ ಬಿಡುವುದು, ಸಂಜೆ ಕರೆತರುವುದು ನನ್ನ ಕೆಲಸವಾಯಿತು. ದಾರಿಯುದ್ದ ಆನೆ ತಿರುಗುವ ಕಾಡು. ಹುಡುಗಿ ಒಬ್ಬಳೇ ನಡೆಯುವಂತಿರಲಿಲ್ಲ. ಕಾರಿಲ್ಲದಿದ್ದರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಆ ವರ್ಷ ಮಳೆ ಹಿಡಿದ ಮೇಲೆ ಕಾರು ಮುಗ್ಗರಿಸತೊಡಗಿತು. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಜಗ್ಗಿ ಜಗ್ಗಿ ನಿಲ್ಲುತ್ತಿತ್ತು. ಎಂಜಿನ್ನಿನ ಹಳದಿ ದೀಪ ಆರುತ್ತಲೇ ಇರಲಿಲ್ಲ. ಒಂದು ಸಂಜೆ ತಿರುವಿನಲ್ಲಿ ಪೂರ್ತಿ ಆಫ್ ಆಯಿತು. ಪಕ್ಕದಲ್ಲಿ ನಿಮ್ಮಮ್ಮ, ಹಿಂದೆ ಮರದ ಲಾರಿ. ಲಾರಿ ಕಿರುಚಿಕೊಂಡು ಬ್ರೇಕ್ ಹಾಕಿ ನಮ್ಮ ಬಂಪರಿಗೆ ಇನ್ನೇನು ತಾಗಿತು ಎನ್ನುವಾಗ ನಿಂತಿತು. ನನ್ನ ಸೆರಗು ಹಿಡಿದ ಅವಳ ಕೈ, ಕಾರು ಮತ್ತೆ ಸ್ಟಾರ್ಟ್ ಆಗಿ ಮನೆ ತಲುಪುವವರೆಗೂ ಸಡಿಲವಾಗಲಿಲ್ಲ.

ಚಿಕ್ಕಜ್ಜ ಕೀಲಿಕೈ ಕಿತ್ತುಕೊಂಡರು. "ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತೀರಿ. ಇನ್ನು ಸಾಕು ಅತ್ತಿಗೆ. ಹುಡುಗಿ ಓದಿದ್ದೂ ಸಾಕು."

"ಕ್ಲಚ್ಚಲ್ಲ, ಉಸಿರು ಕಟ್ಟಿದ ಹಾಗೆ ಆಗ್ತದೆ" ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಅವರು ಕಾರನ್ನು ವರ್ಕ್‌ಶಾಪಿಗೆ ಒಯ್ಯುವಾಗ ಯಾರನ್ನೂ ಕೇಳದೆ ಹಿಂದಿನ ಸೀಟಿನಲ್ಲಿ ಹೋಗಿ ಕೂತೆ. ಮಲಯಾಳಿ ಮೆಕ್ಯಾನಿಕ್ ನನ್ನ ಕಡೆ ನೋಡಲೂ ಇಲ್ಲ, ಚಿಕ್ಕಜ್ಜನನ್ನೇ ಕೇಳಿದ. "ಓಡಿಸೋದು ಚೇಚಿಯಾ? ಹಾಗಾದರೆ ಕಾರಿಗೆ ಕಾಯಿಲೆ ಇಲ್ಲ ಚೇಟ್ಟಾ, ಡ್ರೈವರಿಗೆ ಮದ್ದು ಕೊಡಿ." ಇಬ್ಬರೂ ನಕ್ಕರು.

ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿದ. ಎಂಜಿನ್ ಜ್ವರ ಬಂದವರಂತೆ ನಡುಗಿತು. ಏರ್ ಫಿಲ್ಟರಿನ ಪೆಟ್ಟಿಗೆ ದಾಟಿದ ಮೇಲೆ, ಒಳಗೆ ಹೋಗುವ ಗಾಳಿಯನ್ನು ಅಳೆಯುವ ಒಂದು ಸೆನ್ಸರ್ ಇದೆ. ಅದು ಹೇಳಿದ ಲೆಕ್ಕಕ್ಕೆ ಪೆಟ್ರೋಲ್ ಬೀಳುವುದು. ಅವನು ಅದರ ವೈರಿನ ಪ್ಲಗ್ ಕಿತ್ತ. ನಡುಕ ಇಳಿಯಿತು.

"ಇದು ಸುಳ್ಳು ಲೆಕ್ಕ ಕೊಡ್ತಾ ಇದೆ" ಎಂದ. ಈಗ ನಗಲಿಲ್ಲ. ಸೆನ್ಸರ್ ಬಿಚ್ಚಿ ಬೆಳಕಿಗೆ ಹಿಡಿದ. ಒಳಗಿನ ಕೂದಲೆಳೆಯಂಥ ತಂತಿಗೆ ಧೂಳಿನ ಜೊತೆ ಬಿಳಿ ನೂಲಿನ ಎಳೆಗಳು ಮೆತ್ತಿದ್ದವು. "ಇಲ್ಲಿಗೆ ನೂಲು ಎಲ್ಲಿಂದ ಬಂತಪ್ಪಾ?" ಎನ್ನುತ್ತ ಫಿಲ್ಟರಿನ ಪೆಟ್ಟಿಗೆ ತೆರೆದ.

ಫಿಲ್ಟರಿಗೆ ದಿಂಬಿನ ಗವಸಿನ ಹಾಗೆ ಬಟ್ಟೆ ಸುತ್ತಿತ್ತು. ಅದರ ತುದಿ ಮುಚ್ಚಳದ ಸಂದಿಯಲ್ಲಿ ಸಿಕ್ಕಿಕೊಂಡು, ಆ ಬಿರುಕಿನಿಂದ ಧೂಳು ನುಗ್ಗಿತ್ತು. ಹಸಿರು ಅಂಚು ಕಂಡೊಡನೆ ನನಗೆ ಗೊತ್ತಾಯಿತು. ಜೈನರಾದ ನಮ್ಮ ಮನೆಯಲ್ಲಿ ಕುಡಿಯುವ ನೀರು ಸೋಸುವ ಬಟ್ಟೆ! ಮಳೆಗಾಲದ ಮೊದಲಲ್ಲಿ ಕಾಣೆಯಾಗಿತ್ತು. ಅದಕ್ಕೂ ನನ್ನನ್ನೇ ಬೈದಿದ್ದರು.

"ಮಳೆಹುಳು ಒಳಗೆ ಹೋಗಿ ಸಾಯಬಾರದು ಅಂತ ಹಾಕಿದ್ದೆ" ಎಂದು ಚಿಕ್ಕಜ್ಜ ಗೊಣಗಿದರು. "ಅದೂ ಜೀವ ಅಲ್ವಾ ಅತ್ತಿಗೆ?"

"ಲಾರಿಯ ಮುಂದೆ ಕೂತಿದ್ದ ನಾವೇನು?" ನನ್ನ ದನಿಗೆ ನಾನೇ ಬೆಚ್ಚಿದೆ. "ಹುಳದ ಜೀವ ಕಂಡಿತು, ನನ್ನ ಮಗಳದ್ದು ಕಾಣಲಿಲ್ಲವಾ? ಹಾಕಿದವರು ಬಾಯಿಬಿಟ್ಟು ಹೇಳಬಾರದಿತ್ತಾ?"

"ಹೇಳಬೇಕು ಅಂತ ಅನ್ನಿಸಲಿಲ್ಲ."

ಅನ್ನಿಸಲಿಲ್ಲವಂತೆ! ಇಂದಿಗೂ ಆ ಮಾತು ನೆನೆದರೆ ಮೈ ಉರಿಯುತ್ತದೆ. ತಪ್ಪಾಯಿತು ಎಂದು ಅವರು ಇವತ್ತಿನವರೆಗೆ ಹೇಳಿಲ್ಲ. ಮೆಕ್ಯಾನಿಕ್ಕೂ ಹೇಳಲಿಲ್ಲ. ತಂತಿಗೆ ಕೈ ತಾಗಿಸದೆ ಸ್ಪ್ರೇ ಹೊಡೆದು ತೊಳೆದ, ಒಣಗಲು ಬಿಟ್ಟ, ಹೊಸ ಫಿಲ್ಟರ್ ಕೂರಿಸಿದ. ಎಂಜಿನ್ ನಡುಗಲಿಲ್ಲ. ಕೀಲಿಕೈಯನ್ನು ಚಿಕ್ಕಜ್ಜನ ಕಡೆಗೇ ಚಾಚಿದ. ನಾನು ನಡುವೆ ಕೈ ಹಾಕಿ ತೆಗೆದುಕೊಂಡೆ.

ಮನೆಯವರೆಗೆ ನಾನೇ ಓಡಿಸಿದೆ, ಆ ತಿರುವಿನ ಏರನ್ನೂ. ಚಿಕ್ಕಜ್ಜ ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಆ ಬಟ್ಟೆ. ನಿಮ್ಮಮ್ಮನ ಓದು ಮುಗಿಯುವ ತನಕ ಕೀಲಿಕೈ ನನ್ನ ಸೊಂಟದಲ್ಲೇ ಇತ್ತು.

ಮುಂದಿನ ಊಟದಲ್ಲೂ ಅವರು ಅದೇ ಕಥೆ ಹೇಳುತ್ತಾರೆ, ನಾನು ಮತ್ತೆ ಒಳಗೆ ಹೋಗುತ್ತೇನೆ. ಈ ಹಾಳೆಗಳನ್ನು ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಳ್ಳಿ. ನಾನಿಲ್ಲದ ಮೇಲೂ ಯಾರಾದರೂ ಆ ಮಾತೆತ್ತಿ ನಕ್ಕರೆ, ಹೊರಗೆ ತೆಗೆದು ಎಲ್ಲರಿಗೂ ಕೇಳುವ ಹಾಗೆ ಓದಿ.